ಹಸಿರು ದೀಪದ ತಂತಿ ಎಲ್ಲಿಗೆ ಹೋಗುತ್ತದೆ?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲೋವರ್ ಮೆರಿಯನ್ ಶಾಲಾ ಜಿಲ್ಲೆಯು ಸುಮಾರು 2,300 ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಮನೆಗೂ ಒಯ್ಯಬಹುದಾದ ಮ್ಯಾಕ್‌ಬುಕ್‌ಗಳನ್ನು ಕೊಟ್ಟಿತ್ತು. ಪರದೆಯ ಮೇಲಂಚಿನ ಪುಟ್ಟ ಹಸಿರು ದೀಪ ಕ್ಯಾಮೆರಾ ಬಳಸದಿದ್ದಾಗಲೂ ಒಮ್ಮೊಮ್ಮೆ ಮಿಣುಕಿ ಆರುವುದನ್ನು ಮಕ್ಕಳು ಗಮನಿಸಿದ್ದರು. ಕೇಳಿದಾಗ ಸಿಕ್ಕ ಉತ್ತರ, ಅದೊಂದು ತಾಂತ್ರಿಕ ದೋಷ ಎಂಬುದು. 2010ರ ಫೆಬ್ರುವರಿಯಲ್ಲಿ ಒಬ್ಬ ವಿದ್ಯಾರ್ಥಿಯ ಕುಟುಂಬ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ನಿಜ ಹೊರಬಿತ್ತು. ಕಳುವಾದ ಲ್ಯಾಪ್‌ಟಾಪ್ ಹುಡುಕಲೆಂದು ಹಾಕಿದ್ದ ತಂತ್ರಾಂಶವನ್ನು ಚಾಲೂ ಮಾಡಿದರೆ, ಅದು 15 ನಿಮಿಷಕ್ಕೊಮ್ಮೆ ಕ್ಯಾಮೆರಾದಿಂದ ಒಂದು ಚಿತ್ರ ತೆಗೆದು ಶಾಲೆಗೆ ಕಳಿಸುತ್ತಿತ್ತು. ಕ್ಯಾಮೆರಾ ಚಿತ್ರ, ಪರದೆಯ ಚಿತ್ರ ಎಲ್ಲ ಸೇರಿ 50,000ಕ್ಕೂ ಹೆಚ್ಚು ಸಿಕ್ಕವು. ತನ್ನ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದ ಹುಡುಗನ ಚಿತ್ರವೂ ಅದರಲ್ಲಿತ್ತು. ಅದೇ ಅಕ್ಟೋಬರ್‌ನಲ್ಲಿ 6,10,000 ಡಾಲರ್‌ಗೆ ರಾಜಿಯಾಯಿತು.

ಈ ಪ್ರಕರಣದಲ್ಲಿ ದೀಪ ಸುಳ್ಳು ಹೇಳಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಅದು ತನ್ನ ಕೆಲಸ ಮಾಡಿತು, ಮಕ್ಕಳೂ ಸರಿಯಾಗಿಯೇ ನೋಡಿದರು. ನಂಬದೆ ಹೋದವರು ದೊಡ್ಡವರು.

ಕ್ಯಾಮೆರಾ ಕದ್ದು ನೋಡುವ ಕುತಂತ್ರಾಂಶಗಳು ಆಗಲೇ ಬಳಕೆಯಲ್ಲಿದ್ದವು. ನಮ್ಮ ಧರ್ಮಶಾಲೆಯಲ್ಲಿರುವ ದಲೈ ಲಾಮಾ ಅವರ ಕಚೇರಿಯ ಕಂಪ್ಯೂಟರ್‌ಗಳಿಂದ ಶುರುವಾದ ಒಂದು ತನಿಖೆ, 2009ರ ಮಾರ್ಚ್‌ನಲ್ಲಿ ‘ಘೋಸ್ಟ್‌ನೆಟ್’ ಎಂಬ ಬೇಹುಗಾರಿಕೆ ಜಾಲವನ್ನು ಬಯಲಿಗೆಳೆದಿತ್ತು. 103 ದೇಶಗಳ 1,295 ಕಂಪ್ಯೂಟರ್‌ಗಳು ಅದರ ಹಿಡಿತದಲ್ಲಿದ್ದವು. ಅವುಗಳ ಕ್ಯಾಮೆರಾ, ಮೈಕ್‌ಗಳನ್ನು ದೂರದಿಂದಲೇ ಚಾಲೂ ಮಾಡಲು ಸಾಧ್ಯವಿತ್ತು. ಬರಬರುತ್ತಾ ಇಂಥ ಸಾಧನ ಗೂಢಚಾರರ ಸೊತ್ತಾಗಿ ಉಳಿಯಲಿಲ್ಲ. 2014ರಲ್ಲಿ ಪೊಲೀಸರು ಮಟ್ಟಹಾಕಿದ ‘ಬ್ಲ್ಯಾಕ್‌ಶೇಡ್ಸ್’ ಬರೀ 40 ಡಾಲರ್‌ಗೆ ಮಾರಾಟವಾಗುತ್ತಿತ್ತು. ಅದು ಹೊಕ್ಕಿದ್ದ ಕಂಪ್ಯೂಟರ್‌ಗಳು ಐದು ಲಕ್ಷಕ್ಕೂ ಮಿಕ್ಕಿದ್ದವು.

ಇಷ್ಟಾದರೂ ಒಂದು ಸಮಾಧಾನವಿತ್ತು: ಕ್ಯಾಮೆರಾ ಚಾಲೂ ಆದರೆ ದೀಪ ಹತ್ತಲೇಬೇಕು. 2013ರಲ್ಲಿ ಆ ಸಮಾಧಾನವೂ ಹೋಯಿತು. ಆ ವರ್ಷ ‘ಮಿಸ್ ಟೀನ್ ಯುಎಸ್‌ಎ’ ಕಿರೀಟ ಗೆದ್ದ ಯುವತಿಯನ್ನು ಅವಳ ಲ್ಯಾಪ್‌ಟಾಪ್ ಕ್ಯಾಮೆರಾದಿಂದಲೇ ಒಬ್ಬ ಕದ್ದು ನೋಡಿ ಬೆದರಿಸಿದ್ದ. ದೀಪ ಹತ್ತಿರಲೇ ಇಲ್ಲ ಎಂದು ಆಕೆ ಹೇಳಿದಳು. ಅವನಿಗೆ 18 ತಿಂಗಳ ಜೈಲು ಶಿಕ್ಷೆಯಾಯಿತು. ಎಫ್‌ಬಿಐಗೆ ದೀಪ ಹತ್ತದಂತೆ ಕ್ಯಾಮೆರಾ ತೆರೆಯುವುದು ವರ್ಷಗಳಿಂದ ಗೊತ್ತಿದೆ ಎಂದು ಅದರ ಮಾಜಿ ಅಧಿಕಾರಿಯೊಬ್ಬರೂ ಅದೇ ಡಿಸೆಂಬರ್‌ನಲ್ಲಿ ಹೇಳಿದರು.

ಇದು ಹೇಗೆ ಸಾಧ್ಯ ಎಂಬುದನ್ನು ಬಿಡಿಸಿ ತೋರಿಸಿದವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಬ್ರಾಕರ್ ಮತ್ತು ಸ್ಟೀಫನ್ ಚೆಕೋವೇ. ಅವರು 2008ರವರೆಗಿನ ಹಳೆಯ ಮ್ಯಾಕ್‌ಬುಕ್, ಐಮ್ಯಾಕ್‌ಗಳ ಕ್ಯಾಮೆರಾವನ್ನು ಪರಿಶೀಲಿಸಿದರು. ಅದರಲ್ಲಿ ಎರಡು ಚಿಪ್‌ಗಳಿದ್ದವು. ಒಂದು ಚಿತ್ರ ಹಿಡಿಯುವ ಸೆನ್ಸರ್, ಇನ್ನೊಂದು ಅದಕ್ಕೆ ಅಪ್ಪಣೆ ಕೊಡುವ ನಿಯಂತ್ರಕ. ‘ಮಲಗು’ ಎಂಬ ಅಪ್ಪಣೆ ಒಂದು ತಂತಿಯಲ್ಲಿ ಸೆನ್ಸರ್‌ಗೆ ಹೋಗುತ್ತಿತ್ತು. ದೀಪವನ್ನೂ ಅದೇ ತಂತಿಗೆ ಕಟ್ಟಿದ್ದರು. ಅಪ್ಪಣೆ ಇರುವಷ್ಟು ಹೊತ್ತು ದೀಪ ಆರಿರುತ್ತದೆ, ಅಪ್ಪಣೆ ತೆಗೆದರೆ ಹತ್ತುತ್ತದೆ. ನೋಡಲು ಭದ್ರವಾದ ಏರ್ಪಾಡು. ಆದರೆ ‘ಮಲಗು ಎಂದರೂ ಮಲಗಬೇಡ’ ಎಂದು ಸೆನ್ಸರ್‌ಗೆ ಮೊದಲೇ ತಿಳಿಸಿಡಬಹುದಾದ ಒಂದು ಆಯ್ಕೆ ಅದರೊಳಗೇ ಇತ್ತು! ನಿಯಂತ್ರಕದ ಫರ್ಮ್‌ವೇರನ್ನು, ಅಂದರೆ ಆ ಚಿಪ್ಪನ್ನು ಒಳಗಿನಿಂದ ನಡೆಸುವ ತಂತ್ರಾಂಶವನ್ನು, ಬದಲಿಸಿದರೆ ಮುಗಿಯಿತು. ಅಪ್ಪಣೆ ಹೋಗುತ್ತಲೇ ಇರುತ್ತದೆ, ದೀಪ ಆರಿಯೇ ಇರುತ್ತದೆ, ಸೆನ್ಸರ್ ಮಾತ್ರ ಕಣ್ಣು ಮುಚ್ಚುವುದಿಲ್ಲ. ಇದಕ್ಕೆ ಕಂಪ್ಯೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಕೂಡ ಬೇಕಿರಲಿಲ್ಲ. ಸೆನ್ಸರ್ ನಿಜವಾಗಿ ಮಲಗಿದೆಯೇ ಎಂಬುದು ಆ ದೀಪಕ್ಕೆ ಗೊತ್ತೇ ಇರಲಿಲ್ಲ, ಅಪ್ಪಣೆ ಹೋಗಿದೆಯೇ ಎಂಬುದಷ್ಟೇ ಗೊತ್ತಿತ್ತು.

ಹಾಗಾಗಿ ದೀಪವನ್ನು ಎಷ್ಟು ನಂಬಬಹುದು ಎಂಬುದು ಅದರ ತಂತಿ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ಸೆನ್ಸರ್‌ಗೆ ವಿದ್ಯುತ್ ಹರಿಯುವ ತಂತಿಗೇ ದೀಪವನ್ನು ಜೋಡಿಸಿದ್ದರೆ, ಅದನ್ನು ಆರಿಸಬೇಕೆಂದರೆ ಕ್ಯಾಮೆರಾವನ್ನೇ ಆರಿಸಬೇಕು. ದೀಪ ಹತ್ತದೆ ಕ್ಯಾಮೆರಾ ಚಾಲೂ ಆಗದಂತೆ ರೂಪಿಸಿದ್ದೇವೆ ಎಂದು ಆಪಲ್ ಈಗ ಹೇಳುತ್ತದೆ. ಆದರೆ ದೀಪದ ಗುಂಡಿ ಫರ್ಮ್‌ವೇರ್ ಕೈಯಲ್ಲಿರುವ ಲ್ಯಾಪ್‌ಟಾಪ್‌ಗಳೂ ಇವೆ. 2012ರ ಥಿಂಕ್‌ಪ್ಯಾಡ್ ಎಕ್ಸ್230 ಅಂಥದ್ದೇ. ಅದರ ಕ್ಯಾಮೆರಾದ ಫರ್ಮ್‌ವೇರನ್ನು ತಂತ್ರಾಂಶದ ಮೂಲಕವೇ ಬದಲಿಸಿ ದೀಪ ಆರಿಸುವುದನ್ನು ಭದ್ರತಾ ಸಂಶೋಧಕ ಆಂಡ್ರೆ ಕೊನೊವಲೋವ್ 2024ರಲ್ಲಿ ತೋರಿಸಿದರು. ಹೊರಗಿನಿಂದ ನೋಡಿ ಇದು ಯಾವ ಬಗೆ ಎಂದು ಹೇಳಲಾಗದು. ಲ್ಯಾಪ್‌ಟಾಪ್ ಕಂಪನಿಗಳು ಪೆಟ್ಟಿಗೆಯ ಮೇಲೆ ರ‍್ಯಾಮ್ ಎಷ್ಟು ಎಂದು ಅಚ್ಚು ಹಾಕುವಂತೆ ಇದನ್ನೂ ಬರೆಯಬೇಕು ಎಂಬುದು ನನ್ನ ಒತ್ತಾಯ.

2016ರಲ್ಲಿ ಮಾರ್ಕ್ ಝುಕರ್‌ಬರ್ಗ್ ಅವರ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್‌ನ ಕ್ಯಾಮೆರಾಕ್ಕೆ ಟೇಪು ಅಂಟಿಸಿದ್ದು ಒಂದು ಚಿತ್ರದಲ್ಲಿ ಕಂಡಿತು. ಆಗಿನ ಎಫ್‌ಬಿಐ ಮುಖ್ಯಸ್ಥ ಜೇಮ್ಸ್ ಕೋಮಿ ತಾವೂ ಹಾಗೇ ಮಾಡುತ್ತೇವೆ ಎಂದರು. ಮುಂದೆ ಹಲವು ಕಂಪನಿಗಳು ಕ್ಯಾಮೆರಾದ ಮುಂದೆ ಸರಿಸುವ ಪುಟ್ಟ ಪರದೆಯನ್ನೇ ಕೊಡತೊಡಗಿದವು.

ನನ್ನ ಅಕ್ಕ 2020ರ ಲಾಕ್‌ಡೌನ್‌ನಲ್ಲಿ ಮಗಳ ಆನ್‌ಲೈನ್ ತರಗತಿ ಮುಗಿದ ಕೂಡಲೇ ತನ್ನ ಹಣೆಯ ಸ್ಟಿಕ್ಕರ್ ತೆಗೆದು ಕ್ಯಾಮೆರಾಕ್ಕೆ ಅಂಟಿಸುತ್ತಿದ್ದಳು. ಕ್ಯಾಮೆರಾದ ಗಾಜಿನ ಮೇಲೆ ಮೆರೂನ್ ಬಣ್ಣದ ಒಂದು ಮಖಮಲ್ ಚುಕ್ಕೆ. ಯಾವ ಫರ್ಮ್‌ವೇರ್‌ಗೂ ಅದನ್ನು ಕೀಳಲಾಗದು. ಅಂಟು ಗಾಜಿಗೆ ಮೆತ್ತಿಕೊಂಡರೆ ಮೆದು ಬಟ್ಟೆಯಿಂದ ಒರೆಸಬೇಕಾಗುತ್ತದೆ, ಅಷ್ಟೇ. ಅಂಗಡಿಯಲ್ಲಿ ಸಿಗುವ ಗಟ್ಟಿ ಪ್ಲಾಸ್ಟಿಕ್ ಮುಚ್ಚಳಗಳ ಬಗ್ಗೆ ಮಾತ್ರ ಎಚ್ಚರವಿರಲಿ: ಅವನ್ನು ಹಾಕಿಕೊಂಡೇ ಮಡಚಿದರೆ ಪರದೆ ಒಡೆಯಬಹುದು ಎಂದು ಆಪಲ್ 2020ರಲ್ಲೇ ಎಚ್ಚರಿಸಿತ್ತು. ಕಾಗದದಷ್ಟು, ಅಂದರೆ 0.1 ಮಿಲಿಮೀಟರ್‌ಗಿಂತ ದಪ್ಪ ಬೇಡ ಎಂದು ಅದು ಹೇಳಿತ್ತು.

ದೀಪ ತಾನಾಗಿ ಹತ್ತಿದರೆ ಗಾಬರಿಯಾಗುವ ಮೊದಲು ಬ್ರೌಸರ್‌ನಲ್ಲಿ ಮೀಟಿಂಗ್‌ನ ಪುಟ ತೆರೆದೇ ಉಳಿದಿದೆಯೇ ನೋಡಿ. ಹೆಚ್ಚಿನ ಸಲ ಕಾರಣ ಅದೇ. ಮುಖ ನೋಡಿ ಲಾಗಿನ್ ಆಗುವ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಕಾಣುವ ಮಂದ ಕೆಂಪು ಮಿಣುಕು ಅವಕೆಂಪು ಬೆಳಕಿನದು, ಅದು ಕ್ಯಾಮೆರಾದ ಸೂಚಕ ದೀಪವಲ್ಲ. ಕಾರಣ ಸಿಗದಿದ್ದರೆ ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಖಾಸಗಿತನದ ವಿಭಾಗಕ್ಕೆ ಹೋಗಿ. ಯಾವ ಆ್ಯಪ್ ಯಾವಾಗ ಕ್ಯಾಮೆರಾ ಬಳಸಿತು ಎಂಬುದು ಅಲ್ಲಿರುತ್ತದೆ. ಅಲ್ಲಿ ಗುರುತೇ ಇಲ್ಲದ ಹೆಸರು ಕಂಡರೆ ಅದರ ಅನುಮತಿ ತೆಗೆದು, ಇಂಟರ್ನೆಟ್ ಕಡಿದು, ಲ್ಯಾಪ್‌ಟಾಪನ್ನು ತಿಳಿದವರಿಗೆ ತೋರಿಸಿ. ಮನೆಯ ಮಕ್ಕಳು ಬಂದು ‘ದೀಪ ಮಿಣುಕಿತು’ ಎಂದರೆ, ದಯವಿಟ್ಟು ಎದ್ದು ಹೋಗಿ ನೋಡಿ.