ಫೇಲಾಗದೆಯೂ ಕೋರ್ಸ್ ಬಿಟ್ಟವರು

ಯಾರಾದರೂ ಡಿಗ್ರಿ ಅರ್ಧಕ್ಕೆ ಬಿಟ್ಟರೆ ‘ಓದೋಕೆ ಆಗಲಿಲ್ಲ ಪಾಪ’ ಅಂದುಬಿಡುತ್ತೇವೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಥೆಗೆ ಈ ಮಾತು ಹೊಂದುವುದಿಲ್ಲ. 1995ರಲ್ಲಿ ಅಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಸೇರಿದವರಲ್ಲಿ ಹುಡುಗಿಯರು ಶೇ 7 ಮಾತ್ರ. ಸೇರಿದ ಆ ಕೆಲವರೂ ಹುಡುಗರಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ ಪ್ರಮಾಣದಲ್ಲಿ ಬಿಟ್ಟು ಹೋಗುತ್ತಿದ್ದರು.

ಮೊದಲಿನಿಂದಲೂ ಹೀಗಿತ್ತು ಅಂದುಕೊಳ್ಳಬೇಡಿ. 1940ರ ದಶಕದ ಎನಿಯಾಕ್ ಎಂಬ ಆರಂಭಕಾಲದ ಕಂಪ್ಯೂಟರ್‌ಗೆ ಪ್ರೋಗ್ರಾಂ ಮಾಡಿದ್ದು 6 ಜನ ಹೆಂಗಸರು. 1984ರ ಹೊತ್ತಿಗೆ ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ ಪಡೆದವರಲ್ಲಿ ಮಹಿಳೆಯರು ಸುಮಾರು ಶೇ 37 ಇದ್ದರು. ಅಲ್ಲಿಂದ ಇಳಿಜಾರು. 2010ರ ಸುಮಾರಿಗೆ ಅದು ಶೇ 18ಕ್ಕೆ ಬಂದಿತ್ತು.

ಆಗಿದ್ದೇನು? ಮನೆಗೆ ಕಂಪ್ಯೂಟರ್ ಬಂತು. ಎಷ್ಟೋ ಕಡೆ ನೇರ ಮಗನ ಕೋಣೆಗೆ ಹೋಯಿತು. ಜಾಹೀರಾತುಗಳೂ ಅದನ್ನು ಗಂಡುಮಕ್ಕಳ ಆಟಿಕೆಯಂತೆ ತೋರಿಸಿದವು. ಅದನ್ನು ಬಿಚ್ಚಿ, ಕೆಡಿಸಿ, ಜೋಡಿಸಿ ಕಲಿತ ಹುಡುಗರು ಕಾಲೇಜಿಗೆ ಬಂದಾಗ ಪಾಠವೂ ಅವರ ವೇಗಕ್ಕೇ ಓಡಿತು.

ಸಂಶೋಧಕರಾದ ಜೇನ್ ಮಾರ್ಗೊಲಿಸ್ ಮತ್ತು ಅಲನ್ ಫಿಶರ್ ಕಾರ್ನೆಗಿ ಮೆಲನ್‌ನ ವಿದ್ಯಾರ್ಥಿಗಳನ್ನು 1995ರಿಂದ ನಾಲ್ಕು ವರ್ಷ ಮಾತಾಡಿಸಿದರು. ಬಿಟ್ಟವರು ‘ನನಗೆ ಆಸಕ್ತಿ ಇಲ್ಲ’ ಅನ್ನುತ್ತಿದ್ದರು. ಕೆದಕಿದರೆ ಕಂಡ ಕ್ರಮ ಬೇರೆ. ಪಕ್ಕದವನು ಹುಟ್ಟುವಾಗಲೇ ಕೀಬೋರ್ಡ್ ಹಿಡಿದು ಬಂದಂತೆ ಕಾಣುತ್ತಾನೆ, ಮೊದಲು ಧೈರ್ಯ ಕುಸಿಯುತ್ತದೆ. ಆಸಕ್ತಿ ಹೋಗುವುದು ಅದರ ಹಿಂದೆ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳೇ ಇದು.

ವಿಶ್ವವಿದ್ಯಾಲಯ ಏನು ಮಾಡಿತು? ಹಿಂದೆ ಪ್ರೋಗ್ರಾಮಿಂಗ್ ಮಾಡದವರಿಗೆ ಬೇರೆ ಆರಂಭಿಕ ತರಗತಿ ಇಟ್ಟಿತು. ಸೀಟು ಕೊಡುವಾಗ ಹಳೆಯ ಅನುಭವಕ್ಕೆ ಕೊಡುತ್ತಿದ್ದ ತೂಕ ತೆಗೆಯಿತು. ಹೈಸ್ಕೂಲ್ ಮೇಷ್ಟ್ರುಗಳಿಗೂ ತರಬೇತಿ ಕೊಟ್ಟಿತು. 2000ದಲ್ಲಿ ಸೇರಿದವರಲ್ಲಿ ಹುಡುಗಿಯರು ಶೇ 42.

ಇನ್ನೊಂದು ಸಂಗತಿ ಬಿಟ್ಟೇ ಹೋಗುತ್ತಿತ್ತು. ಬೇರೆ ದೇಶಗಳಿಂದ ಬಂದ ಹುಡುಗಿಯರಿಗೆ ಕಂಪ್ಯೂಟರ್ ಅನುಭವ ಇನ್ನೂ ಕಡಿಮೆ. ಆದರೂ ಅವರು ಗಟ್ಟಿಯಾಗಿ ಉಳಿದರು. ಕಂಪ್ಯೂಟರ್ ಮೇಲೆ ಹುಚ್ಚು ಪ್ರೀತಿ ಇರಲೇಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಒಳ್ಳೆಯ ಕೆಲಸ ಸಿಗುತ್ತೆ ಅಂತ ಬಂದಿದ್ದರು, ಅಷ್ಟೇ. ನಮ್ಮಲ್ಲೂ ‘ಬಿಸಿಲಿಲ್ಲ, ಧೂಳಿಲ್ಲ, ಕೂತು ಮಾಡೋ ಕೆಲಸ’ ಅಂತ ಸಿವಿಲ್ ಬೇಡವೆಂದು ಮಗಳನ್ನು ಕಂಪ್ಯೂಟರ್ ಸೈನ್ಸ್‌ಗೆ ಸೇರಿಸುವ ಅಪ್ಪಂದಿರು ಎಷ್ಟು ಜನ ಇಲ್ಲ, ಅಲ್ವಾ?