ಇಎಂಎಸ್‌ನಲ್ಲಿ ಕರೆಂಟ್ ಏರಿಸುವುದು ಯಾವಾಗ, ಎಷ್ಟು?

ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಸೊರಗಿದ ತೊಡೆಯ ಸ್ನಾಯುವಿಗೆ ಫಿಸಿಯೋಥೆರಪಿಯಲ್ಲಿ ಇಎಂಎಸ್ (ಎಲೆಕ್ಟ್ರಿಕಲ್ ಮಸಲ್ ಸ್ಟಿಮ್ಯುಲೇಶನ್, ಅಂದರೆ ವಿದ್ಯುತ್ತಿನಿಂದ ಸ್ನಾಯು ಬಿಗಿಸುವ ಚಿಕಿತ್ಸೆ) ಕೊಡುವುದುಂಟು. ಚರ್ಮಕ್ಕೆ ಅಂಟಿಸಿದ ಪ್ಯಾಡ್‌ಗಳಿಂದ ಹೊರಡುವ ವಿದ್ಯುತ್ ಮಿಡಿತ ನರವನ್ನು ಪ್ರಚೋದಿಸುತ್ತದೆ, ಸ್ನಾಯು ಬಿಗಿಯುತ್ತದೆ. ಇಲ್ಲಿ ನಂಬಬೇಕಾದದ್ದು ಯಂತ್ರ ತೋರಿಸುವ ಅಂಕಿಯನ್ನಲ್ಲ, ಸ್ನಾಯುವನ್ನು. ನಿನ್ನೆ 30 ಮಿಲಿಆಂಪಿಯರ್‌ಗೆ ಚೆನ್ನಾಗಿ ಬಿಗಿದ ತೊಡೆ, ಪ್ಯಾಡ್ ಸ್ವಲ್ಪ ಸರಿದರೂ ಇವತ್ತು ಮಿಸುಕದೆ ಇರಬಹುದು. ಆದ್ದರಿಂದ ಪ್ರತಿ ಸಲವೂ ಸೊನ್ನೆಯಿಂದಲೇ ಶುರು ಮಾಡಬೇಕು.

ಸಾಮಾನ್ಯವಾಗಿ 35ರಿಂದ 50 ಹರ್ಟ್ಜ್ ಆವರ್ತನ (ಸೆಕೆಂಡಿಗೆ ಅಷ್ಟು ಮಿಡಿತ) ಇಟ್ಟು, 10 ಸೆಕೆಂಡ್ ಬಿಗಿತ, 30ರಿಂದ 50 ಸೆಕೆಂಡ್ ಬಿಡುವು ಕೊಡುತ್ತಾರೆ. ಕರೆಂಟನ್ನು ಬಿಗಿತದ ಹೊತ್ತಿನಲ್ಲಿ ಮಾತ್ರ, ಒಂದೊಂದೇ ಮೆಟ್ಟಿಲು ಏರಿಸಿ. ಬಿಡುವಿನಲ್ಲಿ ಗುಂಡಿ ಒತ್ತಿದರೆ ಏನೂ ಗೊತ್ತಾಗುವುದಿಲ್ಲ, ಕೈ ಒತ್ತುತ್ತಲೇ ಹೋಗುತ್ತದೆ. ಏರಿಸಿದ್ದೆಲ್ಲ ಮುಂದಿನ ಬಿಗಿತದಲ್ಲಿ ಒಟ್ಟಿಗೆ ಬಂದು ಹೊಡೆಯುತ್ತದೆ. ಮೊದಲು ಜುಮುಗುಟ್ಟುತ್ತದೆ, ಆಮೇಲೆ ಸ್ನಾಯು ಕಣ್ಣಿಗೆ ಕಾಣುವಂತೆ ಗಟ್ಟಿಯಾಗುತ್ತದೆ. ಬಲ ಬರಬೇಕಾದರೆ ಬರೀ ಜುಮು ಸಾಲದು, ಬಿಗಿತ ಜೋರಾಗಿಯೇ ಇರಬೇಕು. ಆದರೆ ನೋವು ಬಂದಲ್ಲಿಗೆ ನಿಲ್ಲಿಸಬೇಕು.

ಕೆಲವು ನಿಮಿಷಗಳಲ್ಲಿ ಚರ್ಮಕ್ಕೆ ಅಭ್ಯಾಸವಾಗಿ ಜುಮು ತಗ್ಗುತ್ತದೆ. ಬಿಗಿತವೂ ಸ್ವಲ್ಪ ಇಳಿದಿದ್ದರೆ ಇನ್ನೊಂದು ಮೆಟ್ಟಿಲು ಏರಿಸಬಹುದು. ಏರಿಸಿದರೂ ಬಿಗಿತ ಸೋಲುತ್ತಲೇ ಹೋದರೆ ಸ್ನಾಯು ದಣಿದಿದೆ ಎಂದರ್ಥ. ನಾವೇ ಸ್ನಾಯು ಬಿಗಿದಾಗ ಮಿದುಳು ಅದರ ಎಳೆಗಳನ್ನು ಸರದಿಯಂತೆ ದುಡಿಸುತ್ತದೆ; ಯಂತ್ರ ಅವೇ ಎಳೆಗಳನ್ನು ಮತ್ತೆ ಮತ್ತೆ ಒಟ್ಟಿಗೆ ಎಬ್ಬಿಸುವುದರಿಂದ ದಣಿವು ಬೇಗ. ಆಗ ಬೇಕಾದದ್ದು ಹೆಚ್ಚು ಬಿಡುವು, ಹೆಚ್ಚು ಕರೆಂಟಲ್ಲ.

ಚುಚ್ಚಿದಂತೆ, ಸುಟ್ಟಂತೆ ಅನ್ನಿಸಿದರೆ ಮೊದಲು ಸೊನ್ನೆಗೆ ಇಳಿಸಿ, ಪ್ಯಾಡ್ ನೋಡಿ. ಅಂಚು ಎದ್ದಿರಬಹುದು, ಜೆಲ್ ಒಣಗಿರಬಹುದು. ಇಂಥ ಬಹಳಷ್ಟು ಯಂತ್ರಗಳು ನಿಗದಿಯಾದಷ್ಟು ಕರೆಂಟನ್ನು ಹೇಗಾದರೂ ಹರಿಸುತ್ತವೆ. ಅರ್ಧ ಪ್ಯಾಡ್ ಎದ್ದರೆ ಉಳಿದರ್ಧದ ಚರ್ಮದ ಮೇಲೆ ಕರೆಂಟಿನ ಸಾಂದ್ರತೆ ಇಮ್ಮಡಿಯಾಗುತ್ತದೆ. ಕರೆಂಟ್ ಹರಿಯುತ್ತಿರುವಾಗ ಎದ್ದ ಪ್ಯಾಡನ್ನು ಬೆರಳಿನಿಂದ ಒತ್ತಿ ಅಂಟಿಸಬೇಡಿ. ಮಧುಮೇಹದಿಂದಲೋ ನರದ ಪೆಟ್ಟಿನಿಂದಲೋ ಸ್ಪರ್ಶ ಮಂಕಾದ ಕಡೆ ಈ ಉರಿಯೂ ತಿಳಿಯದು; ಅಲ್ಲಿ ರೋಗಿಯ ಮಾತನ್ನಷ್ಟೇ ನಂಬಿ ಕರೆಂಟ್ ಏರಿಸುವಂತಿಲ್ಲ.

ಪೇಸ್‌ಮೇಕರ್ ಇದ್ದವರು ವೈದ್ಯರ ಒಪ್ಪಿಗೆಯಿಲ್ಲದೆ ಬಳಸಬಾರದು. ಕತ್ತಿನ ಮುಂಭಾಗ, ಎದೆಗೆ ಅಡ್ಡಲಾಗಿ, ಗರ್ಭಿಣಿಯ ಹೊಟ್ಟೆ, ರಕ್ತ ಹೆಪ್ಪುಗಟ್ಟಿದ ಕಾಲು: ಇಲ್ಲೆಲ್ಲ ಪ್ಯಾಡ್ ಬೇಡ. ಮೈತುಂಬ ಪ್ಯಾಡ್ ಇರುವ ಉಡುಪು ತೊಟ್ಟು ಮೊದಲ ದಿನವೇ ತೀವ್ರತೆ ಏರಿಸಿದವರಲ್ಲಿ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಅಪಾಯವಾದದ್ದೂ ಇದೆ. ವಿಪರೀತ ಸ್ನಾಯುನೋವಿನ ಜೊತೆ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.