ಎಷ್ಟು ನೀರು ಬಂತು? ಲಾಗ್ ಬುಕ್ಕಿನಿಂದ ಸ್ಕಾಡಾವರೆಗೆ

ನಮ್ಮ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಸಣ್ಣದೊಂದು ‘ನೀ’ ಇರುತ್ತಿತ್ತು. ನಲ್ಲಿ ನೀರು ಬಂದ ದಿನ ಅಮ್ಮ ಹಾಕುತ್ತಿದ್ದ ಗುರುತು. ಎರಡು ‘ನೀ’ಗಳ ನಡುವೆ ಎಷ್ಟು ದಿನ ಅಂತ ಎಣಿಸಿದರೆ ಬಟ್ಟೆ ಯಾವತ್ತು ನೆನೆಸಬೇಕು, ಸಂಪು ಯಾವತ್ತು ತೊಳೀಬೇಕು ಎಲ್ಲ ಗೊತ್ತಾಗುತ್ತಿತ್ತು. ಅದೇ ಹೊತ್ತಿಗೆ ಪೇಪರಿನಲ್ಲಿ ಊರಿಗೆ ದಿನಕ್ಕೆ ಇಷ್ಟು ಎಂಎಲ್‌ಡಿ ನೀರು ಅಂತ ಬರುತ್ತಿತ್ತು. ಒಂದು ಎಂಎಲ್‌ಡಿ ಅಂದ್ರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಆ ಲೆಕ್ಕಕ್ಕೂ ನಮ್ಮ ಕ್ಯಾಲೆಂಡರಿಗೂ ತಾಳೆಯೇ ಆಗುತ್ತಿರಲಿಲ್ಲ. ಯಾರೋ ಸುಳ್ಳು ಬರೀತಾರೆ ಅಂತ ಆಗ ಅಂದುಕೊಂಡಿದ್ದೆ. ವಿಷಯ ಅಷ್ಟು ಸರಳವಲ್ಲ.

ನಮ್ಮೂರು ದಾವಣಗೆರೆಗೆ ನೀರು ಬರುವ ದಾರಿ ಒಂದೇ ಅಲ್ಲ. ಹರಿಹರದ ಹತ್ತಿರ ರಾಜನಹಳ್ಳಿ ಜಾಕ್‌ವೆಲ್‌ನಿಂದ (ನದಿ ದಡದ ಪಂಪ್ ಬಾವಿ) ತುಂಗಭದ್ರೆಯ ನೀರನ್ನು ಎತ್ತಿ ತರುತ್ತಾರೆ. ಇನ್ನೊಂದು ಕಡೆ ಭದ್ರಾ ನಾಲೆಗೆ ನೀರು ಬಿಟ್ಟಾಗ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆ ತುಂಬಿಸಿಕೊಂಡು, ನಾಲೆ ನಿಂತ ಮೇಲೆ ಅದನ್ನೇ ನೆಚ್ಚಿಕೊಂಡು ಕೂರುತ್ತಾರೆ. ಅಲ್ಲಿಂದ ಶುದ್ಧೀಕರಣ, ಓವರ್‌ಹೆಡ್ ಟ್ಯಾಂಕು, ಆಮೇಲೆ ಬೀದಿ ಬೀದಿಗೆ ವಾಲ್ವು. ಪ್ರತಿ ಹಂತದಲ್ಲೂ ಯಾರೋ ಒಬ್ಬರು ಏನೋ ಒಂದು ಅಂಕಿ ಬರೀಲೇಬೇಕು.

ಆ ಅಂಕಿ ಎಲ್ಲಿಂದ ಬರುತ್ತಿತ್ತು? ಇದು ನಮ್ಮೂರೊಂದರ ಕಥೆಯಲ್ಲ, ಹರಿದ ನೀರನ್ನು ಅಳೆಯುವ ಫ್ಲೋ ಮೀಟರ್ ಇಲ್ಲದ ಅಥವಾ ಕೆಟ್ಟು ಕೂತ ಯಾವ ಊರಿನದ್ದಾದರೂ ಇಷ್ಟೇ. ಪಂಪ್ ಎಷ್ಟು ಗಂಟೆ ಓಡಿತು ಅಂತ ಶಿಫ್ಟಿನವರು ಲಾಗ್ ಬುಕ್ಕಿನಲ್ಲಿ ಬರೆಯುತ್ತಾರೆ. ಪಂಪಿನ ಮೇಲಿನ ಪ್ಲೇಟಿನಲ್ಲಿ ಗಂಟೆಗೆ ಇಷ್ಟು ಅಂತ ಕೆತ್ತಿರುತ್ತದೆ. ಎರಡನ್ನೂ ಗುಣಿಸಿದರೆ ಮುಗೀತು. ಗಂಟೆಗೆ 500 ಘನ ಮೀಟರ್ ಎತ್ತುವ ಪಂಪು 16 ಗಂಟೆ ಓಡಿದರೆ 8 ಎಂಎಲ್‌ಡಿ (ಒಂದು ಘನ ಮೀಟರ್ ಅಂದ್ರೆ ಸಾವಿರ ಲೀಟರ್). ಬರೆದವರು ಸುಳ್ಳು ಬರೆದಿಲ್ಲ, ನೋಡಿ. ಆದರೆ ಆ ಪ್ಲೇಟು ಪಂಪು ಹೊಸದಿದ್ದಾಗಿನದು. ಒಳಗೆ ನೀರನ್ನು ತಳ್ಳುವ ಚಕ್ರ, ಇಂಪೆಲ್ಲರ್, ಸವೆದು, ಈಗ ಅದು ಗಂಟೆಗೆ 400 ಮಾತ್ರ ಎತ್ತುತ್ತಿದ್ದರೆ ನಿಜವಾಗಿ ಬಂದದ್ದು 6.4. ಪುಸ್ತಕದಲ್ಲಿ ಮಾತ್ರ ದಿನಾ ಎಂಟೇ.

ಈ ತಪ್ಪು ಅಲ್ಲಿಗೇ ನಿಲ್ಲೋದಿಲ್ಲ. ಬಿಲ್ ಆದ ನೀರು 5 ಎಂಎಲ್‌ಡಿ ಅಂತಿಟ್ಟುಕೊಳ್ಳಿ. ಎಂಟರಲ್ಲಿ ಐದು ಕಳೆದರೆ ಮೂರು ಲೆಕ್ಕಕ್ಕೆ ಸಿಗದ ನೀರು, ಅಂದ್ರೆ ಶೇ 37ಕ್ಕೂ ಜಾಸ್ತಿ. ಅಬ್ಬಾ ಸೋರಿಕೆ ಅಂತ ರಸ್ತೆ ಅಗೆಯೋಕೆ ಟೆಂಡರ್ ಕರೀತಾರೆ. ನಿಜದ ಲೆಕ್ಕದಲ್ಲಿ ಕಾಣೆಯಾಗಿದ್ದು 1.4, ಸುಮಾರು ಶೇ 22. ಉಳಿದದ್ದು ಸೋರಿ ಹೋಗಿರಲಿಲ್ಲ, ಪೈಪಿಗೆ ಬಂದೇ ಇರಲಿಲ್ಲ! ಪಂಪ್ ರಿಪೇರಿ ಮಾಡಬೇಕಾದ ಕಡೆ ರಸ್ತೆ ಅಗೆದ ಹಾಗಾಯಿತು.

ಈ ಅಂಕಿಗಳಿಗೆ ಕಿಮ್ಮತ್ತು ಬಂದದ್ದು 2008ರ ಹೊತ್ತಿಗೆ. ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ ಆ ವರ್ಷ ಸೇವಾ ಮಟ್ಟದ ಮಾನದಂಡಗಳ ಕೈಪಿಡಿ ತಂದಿತು. ನೀರಿನ ಪಾಲಿಗೆ ಒಂಬತ್ತು ಗುರಿಗಳು: ತಲೆಗೆ ದಿನಕ್ಕೆ 135 ಲೀಟರ್, 24 ಗಂಟೆ ಪೂರೈಕೆ, ಲೆಕ್ಕಕ್ಕೆ ಸಿಗದ ನೀರು ಶೇ 20ರೊಳಗೆ, ಎಲ್ಲ ಮನೆಗೂ ಮೀಟರ್, ಹೀಗೆ. ಆಮೇಲೆ 13ನೇ ಹಣಕಾಸು ಆಯೋಗ, ಈ ಮಾನದಂಡಗಳನ್ನು ಪ್ರಕಟಿಸಿದರೇನೇ ಅನುದಾನದ ಒಂದು ಭಾಗ ಅಂತ ಷರತ್ತು ಹಾಕಿತು. ದುಡ್ಡು ಬರಬೇಕಾದರೆ ಅಂಕಿ ತುಂಬಬೇಕು. ಮೀಟರೇ ಇಲ್ಲದ ಊರು ಕೂಡ ನಮೂನೆಯ ಒಂಬತ್ತೂ ಮನೆ ತುಂಬಿ ಕಳಿಸಬೇಕಾಯಿತು. ಹೇಗೆ ತುಂಬಿದರು ಅಂತ ಬೇರೆ ಹೇಳಬೇಕಾ?

ಆಮೇಲೆ ಬಂತು ಎಕ್ಸೆಲ್ ಕಾಲ. ಲಾಗ್ ಬುಕ್ಕಿನ ಫೋಟೋ ವಾಟ್ಸಾಪ್ ಗ್ರೂಪಿಗೆ, ಅಲ್ಲಿಂದ ಒಬ್ಬ ಡೇಟಾ ಎಂಟ್ರಿ ಹುಡುಗನ ಕಂಪ್ಯೂಟರಿಗೆ, ಅಲ್ಲಿಂದ ಒಂದೊಂದು ಕಚೇರಿಗೆ ಒಂದೊಂದು ನಮೂನೆಯಲ್ಲಿ. ಒಬ್ಬರಿಗೆ ಲೀಟರಲ್ಲಿ ಬೇಕು, ಇನ್ನೊಬ್ಬರಿಗೆ ಎಂಎಲ್‌ಡಿ, ಮತ್ತೊಬ್ಬರಿಗೆ ತಿಂಗಳ ಸರಾಸರಿ. ಇದನ್ನು ಆಟೊಮೇಷನ್ ಅಂತ ಕರೆದವರೂ ಇದ್ದಾರೆ, ಪಾಪ.

ನಿಜವಾದ ಬದಲಾವಣೆ ಬಂದದ್ದು ಪೈಪಿಗೇ ಮೀಟರ್ ಕೂರಿಸಿದಾಗ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲ ಮಂಜೂರಾದದ್ದು 2014ರಲ್ಲಿ, ಅದರಿಂದಲೇ ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿಗೆ 24 ಗಂಟೆ ನೀರಿನ ಯೋಜನೆ. ನಮ್ಮೂರವರಿಗೆ ಅದು ‘ಜಲಸಿರಿ’. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲೂ ದಾವಣಗೆರೆ ಬಂತು. ಊರನ್ನು ಸಣ್ಣ ಸಣ್ಣ ವಲಯ ಮಾಡಿ, ಪ್ರತಿ ವಲಯದ ಬಾಯಲ್ಲಿ ಮೀಟರ್, ಮನೆಗೊಂದು ಮೀಟರ್, ಒಂದು ಕಡೆ ಕೂತು ಎಲ್ಲವನ್ನೂ ನೋಡುವ ಸ್ಕಾಡಾ ಅನ್ನೋದು ಇಂಥ ಯೋಜನೆಗಳ ಲೆಕ್ಕಾಚಾರ. ಸ್ಕಾಡಾದಲ್ಲಿ ಮಾಯಾಜಾಲವೇನೂ ಇಲ್ಲ. ಪೈಪಿನಲ್ಲಿ ಹರಿವಿನ ಮೀಟರ್, ಟ್ಯಾಂಕಿನಲ್ಲಿ ಮಟ್ಟದ ಸೆನ್ಸರ್, ನೀರಿನಲ್ಲಿ ಕ್ಲೋರಿನ್ ನೋಡುವ ಯಂತ್ರ, ಎಲ್ಲವನ್ನೂ ಓದಿ ಮೊಬೈಲ್ ಸಿಮ್ಮಿನಲ್ಲಿ ಕಳಿಸುವ ಒಂದು ಪೆಟ್ಟಿಗೆ.

ಅದರೊಳಗೆ ನನಗೆ ತುಂಬಾ ಇಷ್ಟವಾದ ಒಂದು ಜಾಣತನ ಇದೆ. ಮೀಟರಿನಿಂದ ಪೆಟ್ಟಿಗೆಗೆ ಬರುವ ಸಂಕೇತ ಬಹಳ ಕಡೆ 4ರಿಂದ 20 ಮಿಲಿಆಂಪ್ ಕರೆಂಟ್. ನೀರು ನಿಂತರೆ 4 ತೋರಿಸಬೇಕು, ಪೂರ್ತಿ ಹರಿದರೆ 20. ಸೊನ್ನೆ ಬಂತೋ, ನೀರು ನಿಂತಿದೆ ಅಂತಲ್ಲ, ವೈರ್ ಕಿತ್ತಿದೆ ಅಂತ. ಹಳೆಯ ಲಾಗ್ ಬುಕ್ಕಿನಲ್ಲೂ ಈ ವ್ಯತ್ಯಾಸ ಇತ್ತು: ಪಂಪ್ ಓಡದಿದ್ದರೆ ‘0’, ಬರೆಯುವವರು ರಜೆ ಹಾಕಿದ್ದರೆ ಖಾಲಿ. ಎಕ್ಸೆಲ್ ಕಾಲದಲ್ಲಿ ಇದು ಹಾಳಾಯಿತು, ಯಾಕಂದ್ರೆ ಖಾಲಿ ಮನೆ ನೋಡಿದರೆ ಯಾರಿಗಾದರೂ ಕೈ ತುರಿಸುತ್ತದೆ. ಯಾರೋ ಸೊನ್ನೆ ತುಂಬುತ್ತಾರೆ, ತಿಂಗಳ ಸರಾಸರಿ ಧಡ್ ಅಂತ ಬೀಳುತ್ತದೆ. ಇನ್ಯಾರೋ ನಿನ್ನೆಯದ್ದನ್ನೇ ಎಳೆಯುತ್ತಾರೆ, ಎಲ್ಲವೂ ಚೆನ್ನಾಗಿದೆ ಅನ್ನಿಸುತ್ತದೆ. ವರದಿ ತಾನಾಗೇ ತಯಾರಾಗುವ ವ್ಯವಸ್ಥೆ ಬರೆಯುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಅಂಕಿ ಬರದ ದಿನ ನಿಮ್ಮ ವರದಿ ಏನು ಹೇಳುತ್ತದೆ?

ಹಾಗಂತ ಮೀಟರಿನ ಮಾತೇ ವೇದವಾಕ್ಯವೂ ಅಲ್ಲ. ವಿದ್ಯುತ್ಕಾಂತೀಯ ಮೀಟರ್ ಸರಿಯಾಗಿ ಓದಬೇಕಾದರೆ ಪೈಪು ತುಂಬಿರಬೇಕು, ಅರ್ಧ ಹರಿದರೆ ತಪ್ಪು ಹೇಳುತ್ತದೆ. ಬಾಗಿದ ಕಡೆ, ವಾಲ್ವಿನ ಪಕ್ಕದಲ್ಲೇ ಕೂರಿಸಿದರೂ ಅಷ್ಟೇ. ಮನೆಯ ಚಕ್ರದ ಮೀಟರಿನದ್ದು ಇನ್ನೂ ತಮಾಷೆ. ದಿನಗಟ್ಟಲೆ ಖಾಲಿ ಇದ್ದ ಪೈಪಿಗೆ ನೀರು ಬಿಟ್ಟಾಗ ಮೊದಲು ಬುಸ್ ಅಂತ ಬರೋದು ಗಾಳಿ, ಆ ಗಾಳಿಗೂ ಚಕ್ರ ತಿರುಗುತ್ತದೆ. ಬಿಟ್ಟು ಬಿಟ್ಟು ನೀರು ಬರುವ ಬೀದಿಯವರು ಗಾಳಿಗೂ ದುಡ್ಡು ಕೊಡ್ತೀವಿ ಅಂತ ಗೊಣಗೋದು ಸುಮ್ನೆ ಅಲ್ಲ. ನೀರು ಸದಾ ಪೈಪಿನಲ್ಲಿ ನಿಂತಿದ್ದರೆ ಈ ಗಲಾಟೆಯೇ ಇರೋದಿಲ್ಲ, ಅಂದ್ರೆ ಅಳತೆ ಸರಿಹೋಗಬೇಕಾದರೂ 24 ಗಂಟೆ ನೀರೇ ಬೇಕು.

ಇನ್ನೊಂದು ಉಳಿದಿದೆ. ಮೇಲೆ ಹೋಗುವ ವರದಿಯಲ್ಲಿ ಇರೋದು ಟ್ಯಾಂಕಿನಿಂದ ಇಳಿದ ನೀರು. ನಮ್ಮ ಬೀದಿಗೆ ನೀರು ಬಿಡೋರು ಇವತ್ತು ವಾಲ್ವಿನ ಕೀಲಿ ಎಷ್ಟು ಸುತ್ತು ತಿರುಗಿಸಿದರು, ಕೊನೇ ಮನೆಯ ನಲ್ಲಿಯಲ್ಲಿ ನೀರು ಏರಿತಾ ಇಲ್ಲವಾ ಅನ್ನೋದು ಅದರಲ್ಲಿ ಕಾಣೋದಿಲ್ಲ. ಅದನ್ನು ಹಿಡಿಯೋದು ಕಷ್ಟವೇನಲ್ಲ. ವಲಯದ ತುದಿಯಲ್ಲಿ ಒತ್ತಡ ಅಳೆಯುವ ಸಣ್ಣ ಲಾಗರ್ ಕೂರಿಸಿ, ಬಾಯಲ್ಲಿರುವ ಮೀಟರಿನ ಪಕ್ಕ ಅದರ ಅಂಕಿಯನ್ನೂ ಹಾಕಿದರೆ, ನೀರು ಹೊರಟಿತು ಅನ್ನೋದೂ ಮುಟ್ಟಿತು ಅನ್ನೋದೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಆ ಸಾಲನ್ನು ವಾರ್ಡಿನವರ ಫೋನಿಗೂ ಕಳಿಸಬಹುದು, ಬೆಳಿಗ್ಗೆ ಬಟ್ಟೆ ನೆನೆಸುವ ಮುಂಚೆ.